ಒಂದೇ ತಾರೀಖು, ನಾಲ್ಕು ಹಾರ

ಸೆಪ್ಟೆಂಬರ್ 17ರ ಮೇಲೆ ಬಿದ್ದಿರುವ ಹೊರೆ ಸಂಡೂರಿನ ಅದಿರು ಲಾರಿಯ ಮೇಲೂ ಇರಲಿಕ್ಕಿಲ್ಲ. ಹೈದರಾಬಾದ್ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದದ್ದನ್ನು ನೆನೆಯುವ ಕಲ್ಯಾಣ ಕರ್ನಾಟಕ ಉತ್ಸವ ಅಂದೇ, ವಿಶ್ವಕರ್ಮ ಜಯಂತಿ ಅಂದೇ, ಪ್ರಧಾನಿಯವರ ಹುಟ್ಟುಹಬ್ಬವೂ ಅಂದೇ. ಪಂಚಾಂಗವೂ ಸುಮ್ಮನಿರುವುದಿಲ್ಲ: 2015ರಲ್ಲಿ ಗಣೇಶ ಚೌತಿಯನ್ನು, 2020ರಲ್ಲಿ ಮಹಾಲಯ ಅಮಾವಾಸ್ಯೆಯನ್ನು ತಂದು ಅದೇ ತಾರೀಖಿಗೆ ಕಟ್ಟಿತ್ತು. 1879ರಲ್ಲಿ ಅದೇ ದಿನ ಹುಟ್ಟಿದ ನಾಸ್ತಿಕ ಚಿಂತಕ ಪೆರಿಯಾರ್ ಮಾತ್ರ ಮೇಜಿಗೆ ಬರುವುದಿಲ್ಲ. ದೇವಶಿಲ್ಪಿಯ ಪಕ್ಕ ಕೂರಿಸಿದರೆ ಇಬ್ಬರಲ್ಲಿ ಯಾರು ಮೊದಲು ಎದ್ದು ಹೋಗುತ್ತಾರೋ!

ಬಳ್ಳಾರಿಯಲ್ಲಿ ಆಚರಿಸುವವರು ಮೊದಲು ಫ್ಲೆಕ್ಸ್ ನೋಡಿಕೊಳ್ಳಬೇಕು. 10×8 ಅಡಿ ಸಾಕು. ಆದರೆ 15ರ ಸಂಜೆಯೊಳಗೆ ಕಂಬ ಹಿಡಿಯದಿದ್ದರೆ ಹುಟ್ಟುಹಬ್ಬದವರು ಹಿಡಿದಿರುತ್ತಾರೆ. ಡಿಸೈನ್ ಮಾಡುವ ಹುಡುಗ ಹೋದ ವರ್ಷದ ಫೈಲನ್ನೇ ತೆಗೆದು ಅಂಕಿಯೊಂದನ್ನು ತಿದ್ದುತ್ತಾನೆ. 1948ರಿಂದ ಎಣಿಸಬೇಕೋ 1949ರಿಂದಲೋ ಎಂದು ಯಾರೂ ಹೇಳಿರುವುದಿಲ್ಲವಾದ್ದರಿಂದ ಒಂದೇ ಸರ್ಕಲ್‌ನಲ್ಲಿ 77ನೇ ಉತ್ಸವವೂ 78ನೇ ಉತ್ಸವವೂ ಎದುರುಬದುರು ನಿಲ್ಲುತ್ತವೆ. ವಾಟ್ಸಾಪಿನಲ್ಲಿ ಬಂದ ಯುನಿಕೋಡ್ ಅಕ್ಷರವನ್ನು ಹಳೇ ಕೋರೆಲ್‌ಗೆ ಅಂಟಿಸಿದರೆ ಒತ್ತಕ್ಷರ ಕಳಚಿ 'ಕಲ್‌ಯಾಣ' ಆಗುತ್ತದೆ. 'ನುಡಿ' ತಂತ್ರಾಂಶದಲ್ಲಿ ಮತ್ತೆ ಟೈಪ್ ಮಾಡಿಸಬೇಕು. ಯಾರೂ ಮಾಡಿಸುವುದಿಲ್ಲ, ಶಾಸಕರ ಮುಖ ಸ್ಪಷ್ಟವಾಗಿದ್ದರೆ ಕಲ್ಯಾಣ ಆದಂತೆಯೇ.

ಆಮೇಲೆ ಫೋಟೊ.

"ಪಟೇಲರ್ನ ಯಾ ಕಡಿ ಇಡ್ಲಿ ಸಾಹೇಬ್ರ?"

"ನಟ್ಟನಡುವ ಇಡಪ್ಪ. ವಿಶ್ವಕರ್ಮ ಬಲಕ್ಕಿರ್ಲಿ, ಭುವನೇಶ್ವರಿ ಎಡಕ್ಕ. ಗಾಂಧೀನ ಹೆಂಗೂ ತೆಗಿಯಂಗಿಲ್ಲ."

ಹಾರ ನಾಲ್ಕು, ಬಾಡಿಗೆಯ ಕುರ್ಚಿ ನೂರು, ತುಂಬುವುದು ಮೊದಲೆರಡು ಸಾಲು. ಒಗ್ಗರಣಿ-ಮಿರ್ಚಿ ಭಾಷಣಕ್ಕೆ ಮೊದಲೇ ಬಂದರೆ ಅವೂ ಖಾಲಿ.

ಭಾಷಣ ಸಿದ್ಧವೇ ಇರುತ್ತದೆ: "ಈ ನೆಲ ನಿಜಾಮನ ಸಂಕೋಲೆಯಿಂದ ಮುಕ್ತವಾದ ದಿನ." ರಾಯಚೂರು, ಕೊಪ್ಪಳಗಳಿಗೆ ಈ ಮಾತು ಸಲ್ಲುತ್ತದೆ. ಅಲ್ಲಿಯ ಜನ ನಿಜಾಮನ ಪರ ನಿಂತ ರಜಾಕಾರರ ಪಡೆಯ ಹಾವಳಿ ಉಂಡವರು, ಗಡಿಯಾಚೆ ಮುಂಡರಗಿಯಲ್ಲಿ ಶಿಬಿರ ಹೂಡಿ ಹೋರಾಡಿದವರು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ನುಗ್ಗಿತು, 17ಕ್ಕೆ ನಿಜಾಮ ಕದನವಿರಾಮ ಸಾರಿದ, ಮರುದಿನ ಅವನ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಚೌಧರಿಯವರಿಗೆ ಶರಣಾದ.

ಬಳ್ಳಾರಿಯೋ, ನಿಜಾಮನ ಕೈಬಿಟ್ಟು 1800ರಲ್ಲೇ ಕಂಪನಿ ಸರ್ಕಾರಕ್ಕೆ ಹೋದದ್ದು. ಮದ್ರಾಸ್ ಪ್ರಾಂತ್ಯದಲ್ಲಿದ್ದು 1947ರ ಆಗಸ್ಟ್ 15ಕ್ಕೇ ಸ್ವತಂತ್ರವಾಗಿತ್ತು. ಸಂವಿಧಾನದ 371(ಜೆ) ಕಲಮಿನ ಪಟ್ಟಿಯಲ್ಲಿ ಸೀಟು, ನೌಕರಿಗಳ ಮೀಸಲಾತಿಗೆ ಹೆಸರು ಸೇರಿತು ನೋಡಿ, ಜೊತೆಗೆ ನಿಜಾಮನನ್ನೂ ಹಿಂದಿನ ತಾರೀಖು ಹಾಕಿ ಮಂಜೂರು ಮಾಡಿಕೊಂಡೆವು.

ನಮ್ಮ ಸ್ವಂತ ತಾರೀಖು ಅಕ್ಟೋಬರ್ 1. 1953ರಲ್ಲಿ ಅಂದು ಬಳ್ಳಾರಿ ಮೈಸೂರಿಗೆ ಸೇರಿತು; ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಆ ಸಂಭ್ರಮದ ಚಪ್ಪರ ಕಾಯುತ್ತಿದ್ದ ಪೈಲ್ವಾನ್ ರಂಜಾನ್ ಸಾಬ್ ಆಸಿಡ್ ದಾಳಿಗೆ ಬಲಿಯಾದರು. ಕನ್ನಡ ಸಂಘಗಳವರು ಅವರನ್ನು ನೆನೆಯುತ್ತಾರೆ, ನಿಜ. ಕಚೇರಿಗೆ ಆ ತಾರೀಖಿಗೆ ಬರುವ ಸುತ್ತೋಲೆ ಮಾತ್ರ ವಿಶ್ವ ಹಿರಿಯ ನಾಗರಿಕರ ದಿನದ್ದು. 1953ನ್ನು ಕಣ್ಣಾರೆ ಕಂಡ ಅಜ್ಜ ಯಾರಾದರೂ ಬಂದರೆ ಬಿಪಿ, ಶುಗರ್ ನೋಡಿ, ಶಾಲು ಹೊದಿಸಿ, ಆಟೊ ಹತ್ತಿಸಬೇಕು. ಮೈಕ್ ಮಾತ್ರ ಕೊಡಬಾರದು. ಎರಡು ವಾರದ ಹಿಂದೆ ಸಾಹೇಬರು ಮಾಡಿದ ಭಾಷಣವನ್ನು ಅಜ್ಜನೂ ಕೇಳಿರುತ್ತಾನೆ.