ಮೇಡಂಗೆ ಟೊಮ್ಯಾಟೊ ಕಲಿಸಿದರು

ನಮ್ಮ ಮನೆಯಲ್ಲಿ ಒಬ್ಬರು ಮೇಡಂ ಇದ್ದಾರೆ, ಹಳ್ಳಿಯ ಸರಕಾರಿ ಶಾಲೆಯ ಶಿಕ್ಷಕಿ. ಬೆಳಿಗ್ಗೆ ಸಿಂಧನೂರಿನಿಂದ ಮಸ್ಕಿ ಕಡೆಯ ಬಸ್ಸು ಹಿಡಿದು ಕ್ರಾಸಿನಲ್ಲಿ ಇಳಿಯುತ್ತಾರೆ. ಅಲ್ಲಿಂದ ಊರೊಳಗೆ ಹೋಗುವ ಟಂಟಂ ಆಟೊ ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ಕಾಲ್ನಡಿಗೆ. ಮೊನ್ನೆ ಈ ಮೇಡಂ ಅವರನ್ನು ಶಾಲೆ ನಡೆಯುವ ದಿನವೇ ಶಾಲೆ ಬಿಡಿಸಿ ತರಬೇತಿಗೆ ಕರೆಸಿಕೊಂಡು, ಸಮಯ ಹೇಗೆ ಉಳಿಸಬೇಕೆಂದು ಬೆಳಗಿನಿಂದ ಸಂಜೆವರೆಗೆ ಕಲಿಸಿ ಕಳಿಸಿದರು. ಉಪಕಾರ ಅಂದರೆ ಇದು. ಆ ದಿನ ಶಾಲೆಯಲ್ಲಿದ್ದದ್ದು ಐದು ತರಗತಿಗೆ ಒಬ್ಬ ಅತಿಥಿ ಶಿಕ್ಷಕ. ಅವನು ಬಾಗಿಲಲ್ಲಿ ನಿಂತು ಎರಡೂ ಕೋಣೆಗೆ ಒಟ್ಟಿಗೆ ಮಗ್ಗಿ ಹೇಳಿಸಿದನಂತೆ. ಸಮಯ ನಿರ್ವಹಣೆ ಅವನಿಗೆ ಮೊದಲೇ ಬರುತ್ತಿತ್ತು.

ತರಬೇತಿಯಲ್ಲಿ ಮೊದಲು ಐಸೆನ್‌ಹೋವರ್ ಬಂದರು. ಅಮೆರಿಕದ ಅಧ್ಯಕ್ಷರಾಗಿದ್ದ, ಅದಕ್ಕೂ ಮೊದಲು ಎರಡನೇ ಮಹಾಯುದ್ಧದಲ್ಲಿ ಸೇನೆ ನಡೆಸಿದ ಅದೇ ಐಸೆನ್‌ಹೋವರ್. ಅವರ ಹೆಸರಲ್ಲಿ ನಾಲ್ಕು ಚೌಕಗಳಿವೆ: ತುರ್ತು, ಮುಖ್ಯ, ತುರ್ತಲ್ಲದ್ದು, ಮುಖ್ಯವಲ್ಲದ್ದು, ಹೀಗೆ ಅಡ್ಡ ಉದ್ದ ಸೇರಿಸಿಕೊಂಡು. ನಿಮ್ಮ ಕೆಲಸಗಳನ್ನು ಆಯಾ ಚೌಕದಲ್ಲಿ ತುಂಬಿರಿ ಎಂದರು. ಎಲ್ಲರ ಕೆಲಸವೂ ಒಂದೇ ಚೌಕದಲ್ಲಿ ಹೋಗಿ ಕೂತಿತು: ತುರ್ತು, ಆದರೆ ಮುಖ್ಯವಲ್ಲ. ತರಬೇತುದಾರರಿಗೆ ಭಾರಿ ಖುಷಿ. ‘ನೋಡಿದ್ರಾ, ಇವನ್ನೆಲ್ಲ ನಿಮ್ಮ ಕೈಕೆಳಗಿನವರಿಗೆ ವಹಿಸಬೇಕು.’ ಹಿಂದಿನ ಬೆಂಚಿನಿಂದ ಒಬ್ಬ ಮಾಸ್ತರು ಎದ್ದು, ‘ಸರ್, ನಮ್ ಕೈಕೆಳಗ ಎರಡನೇತ್ತಿ ಹುಡುಗ್ರು ಅದಾರ್ರಿ’ ಎಂದರಂತೆ.

ಐಸೆನ್‌ಹೋವರ್ ಕೈಕೆಳಗೆ ಲಕ್ಷಗಟ್ಟಲೆ ಸೈನಿಕರಿದ್ದರು. ಮಕ್ಕಳ ದಾಖಲೆಯ ಸ್ಯಾಟ್ಸ್ ಜಾಲತಾಣದಲ್ಲಿ ಹೆಸರು ಏರಿಸುವುದು, ಶಾಲೆಯ ಅಂಕಿಅಂಶದ ಯುಡೈಸ್ ತುಂಬುವುದು, ಮಕ್ಕಳ ಗುರುತಿನ ಸಂಖ್ಯೆಯಾದ ಅಪಾರ್ ಐಡಿಗೆ ಆಧಾರ್ ಸ್ಪೆಲ್ಲಿಂಗ್ ಹೊಂದಿಸುವುದು ಅವರಿಗೆ ಇರಲಿಲ್ಲ. ಇದ್ದಿದ್ದರೆ ಆ ಯುದ್ಧದಲ್ಲಿ ಅವರ ಸೇನೆ ಫ್ರಾನ್ಸಿನ ನಾರ್ಮಂಡಿ ದಂಡೆಗೆ ಇಳಿಯುವುದು ಮುಂದಿನ ಶೈಕ್ಷಣಿಕ ವರ್ಷಕ್ಕೆ ಹೋಗುತ್ತಿತ್ತು.

ಊಟದ ಮೇಲೆ ಟೊಮ್ಯಾಟೊ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬ ವಿದ್ಯಾರ್ಥಿ, ಟೊಮ್ಯಾಟೊ ಆಕಾರದ ಅಡುಗೆಮನೆ ಗಡಿಯಾರ ತಿರುಗಿಸಿಟ್ಟುಕೊಂಡು ಓದುತ್ತಿದ್ದ. 25 ನಿಮಿಷ ಓದು, 5 ನಿಮಿಷ ವಿಶ್ರಾಂತಿ. ಇಟಲಿ ಭಾಷೆಯಲ್ಲಿ ಟೊಮ್ಯಾಟೊಗೆ ಪೊಮೊದೊರೊ ಅನ್ನುತ್ತಾರೆ, ಪದ್ಧತಿಗೂ ಅದೇ ಹೆಸರು ನಿಂತಿತು. ಒಳ್ಳೆಯ ಪದ್ಧತಿಯೇ. ಆದರೆ ಆ ಹುಡುಗ ಓದುವಾಗ ಬಿಸಿಯೂಟದ ಅಡುಗೆಯಾಕೆ ಬಂದು ‘ಮೇಡಂ, ಟಮಾಟಿ ಎಷ್ಟು ಹಾಕ್ಲ್ರಿ’ ಎಂದು ಕೇಳಿರಲಿಕ್ಕಿಲ್ಲ.

ಟೊಮ್ಯಾಟೊ ಬಂತೆಂದರೆ ಮೊಟ್ಟೆಯೂ ಬರಬೇಕು. 2024ರಿಂದ ಶಾಲೆಯಲ್ಲಿ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ. ಇದನ್ನು ನಾನು ಗೇಲಿ ಮಾಡುವುದಿಲ್ಲ, ನಮ್ಮ ಕಡೆ ಮಕ್ಕಳ ತೋಳು ನೋಡಿದವರು ಯಾರೂ ಮಾಡಬಾರದು. ನನ್ನ ಬೆರಗು ಲೆಕ್ಕದ ಬಗ್ಗೆ. ಒಂದು ಮೊಟ್ಟೆಗೆ ಆಗ ಕೊಡುತ್ತಿದ್ದ ಆರು ರೂಪಾಯಿಯಲ್ಲಿ ಸಿಪ್ಪೆ ಸುಲಿಯುವುದಕ್ಕೆಂದೇ 30 ಪೈಸೆ ಇಟ್ಟಿದ್ದರು. ಮೇಡಂ ಶಾಲೆಯಲ್ಲಿ ಅರವತ್ತು ಮೊಟ್ಟೆ, ಅಂದರೆ ದಿನಕ್ಕೆ ಹದಿನೆಂಟು ರೂಪಾಯಿಯ ಸುಲಿತ. ಮೊಟ್ಟೆ ತಿನ್ನುವವರದು ಒಂದು ಪಟ್ಟಿ, ಬಾಳೆಹಣ್ಣಿನವರದು ಇನ್ನೊಂದು. ಬಾಳೆಹಣ್ಣಿನ ಪಟ್ಟಿಯ ಹುಡುಗ ಗೆಳೆಯನ ಮೊಟ್ಟೆ ನೋಡಿ ಮನಸ್ಸು ಬದಲಿಸಿದರೆ ಎರಡೂ ಪಟ್ಟಿ ತಿದ್ದಬೇಕು. ಮೊಟ್ಟೆ ಸುಲಿಯುವ ಕೈಗೆ ಬೆಲೆ ಕಟ್ಟಿದ ಸರಕಾರ, ಪಟ್ಟಿ ಬರೆಯುವ ಕೈಗೆ ನಿಮಿಷದ ಲೆಕ್ಕವನ್ನೂ ಇಟ್ಟಿಲ್ಲ.

ತಪ್ಪು ಹೇಳಿದೆ, ಲೆಕ್ಕ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಐದನೇ ತರಗತಿವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಎಂದಿದೆ. ಶಿಕ್ಷಕರಿಗೆ ವಾರಕ್ಕೆ 45 ಗಂಟೆ, ಪಾಠದ ತಯಾರಿಯೂ ಅದರಲ್ಲೇ. ತಯಾರಿ! ಮೇಡಂ ಮಾಡುವ ತಯಾರಿಯೆಲ್ಲ ಬಸ್ಸಿನಲ್ಲಿ, ಸೀಟು ಸಿಕ್ಕ ದಿನ. ಅದೇ ಕಾಯ್ದೆಯ 27ನೇ ಸೆಕ್ಷನ್, ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. 2025ರ ಸೆಪ್ಟೆಂಬರ್ 22ರಿಂದ ಶಿಕ್ಷಕರನ್ನು ಮನೆಮನೆಗೆ ಕಳಿಸಿ ನಡೆಸಿದ ರಾಜ್ಯದ ಸಾಮಾಜಿಕ, ಶೈಕ್ಷಣಿಕ (ಜಾತಿ) ಸಮೀಕ್ಷೆ ಈ ಮೂರರಲ್ಲಿ ಯಾವುದು ಎಂದು ಬಹಳ ಯೋಚಿಸಿದೆ. ಮಾಹಿತಿ ತುಂಬುವ ಆ ಆ್ಯಪ್ ನೆನೆದರೆ ವಿಪತ್ತು ಪರಿಹಾರ ಇರಬೇಕು.

ಸಮೀಕ್ಷೆ ಬೇಡವೆಂದಲ್ಲ. ಯಾರ ಮನೆಯಲ್ಲಿ ಏನಿಲ್ಲ ಎಂದು ಸರಕಾರಕ್ಕೆ ಗೊತ್ತಾಗಲಿ. ಆದರೆ ಕರೆಂಟ್ ಮೀಟರಿನ ಹತ್ತಿರ ಅಂಟಿಸಿದ ಚೀಟಿ ಹುಡುಕಿಕೊಂಡು, ನಾಯಿಗೆ ‘ಹಚ್ಯಾ’ ಅನ್ನುತ್ತಾ, ಅರವತ್ತು ಪ್ರಶ್ನೆ ಕೇಳಿ ಮುಗಿಸುವಷ್ಟರಲ್ಲಿ ಒಟಿಪಿ ಬಂದದ್ದು ಬೆಂಗಳೂರಿಗೆ ಗುಳೆ ಹೋದ ಗಂಡನ ಫೋನಿಗೆ. ಅವನು ಕಟ್ಟಡದ ಮೂರನೇ ಮಹಡಿಯಲ್ಲಿ ಸಿಮೆಂಟು ಕಲಸುತ್ತಿದ್ದಾನೆ, ಫೋನು ಕೆಳಗೆ ಚೀಲದಲ್ಲಿದೆ. ಮೇಡಂ ಕಟ್ಟೆ ಮೇಲೆ ಕೂತು ಕಾದರು. ಅದಕ್ಕೂ ಒಂದು ಟೊಮ್ಯಾಟೊ ತಿರುಗಿಸಿಡಬಹುದಿತ್ತೇನೋ. ಗಡುವಿನ ದಿನ ಮುಖ್ಯಮಂತ್ರಿಗಳು ಕೊಪ್ಪಳದಲ್ಲಿ ಶೇ 97 ಆಗಿದೆ ಎಂದರು. ನೆರೆಯ ಜಿಲ್ಲೆಯವರಾದ ನಮಗೂ ಹೆಮ್ಮೆಯೇ. ಉಳಿದವರು ಮುಗಿಸಲೆಂದು ಅಕ್ಟೋಬರ್ 18ರವರೆಗೆ ಶಾಲೆಗೇ ರಜೆ ಕೊಟ್ಟರು. ರಜೆ ಮಕ್ಕಳಿಗೆ. ಆಮೇಲೆ ಪಾಠ ಉಳಿದಿದೆ, ಹೆಚ್ಚುವರಿ ತರಗತಿ ತೆಗೆದುಕೊಳ್ಳಿ ಎಂದರು.

ರಜೆ ಸಿಕ್ಕ ಮಕ್ಕಳು ಎಲ್ಲಿಗೆ ಹೋದವು? ಹತ್ತಿ ಬಿಡಿಸಲು. ಹೋದವುಗಳಲ್ಲಿ ಎಲ್ಲವೂ ತಿರುಗಿ ಬರಲಿಲ್ಲ. ನಾಲ್ಕನೇತ್ತಿ ಹುಡುಗಿಯೊಬ್ಬಳನ್ನು ಕರೆತರಲು ಮೇಡಂ ಮೂರು ಸಲ ಆ ಹೊಲಕ್ಕೆ ಹೋಗಿ ಬಂದರು. ಬದುವಿನ ಮೇಲೆ ನಿಂತು ಮಾತಾಡುವಾಗಲೂ ಫೋನು ಬಡಿದುಕೊಳ್ಳುತ್ತಿತ್ತು: ಡೇಟಾ ಕಳಿಸಿ, ತುರ್ತು. ಹುಡುಗಿ ಬಂದಳಾ ಎಂದು ಒಬ್ಬನೂ ಕೇಳಲಿಲ್ಲ. ಇವತ್ತಿನವರೆಗೆ ಕೇಳಿಲ್ಲ. ನಾಳೆ ಅವಳಿಗೆ ಓದಲು ಬರದಿದ್ದರೆ ನೋಟಿಸ್ ಬರುವುದು ಮಾತ್ರ ಮೇಡಂ ಹೆಸರಿಗೇ, ಸಮಯ ಸರಿಯಾಗಿ ಬಳಸಲಿಲ್ಲವೆಂದು. ನಾಚಿಕೆ ಆಗಬೇಕು.

ಇರಲಿ. ತರಬೇತಿಯಲ್ಲಿ ಮನೆಗೆಲಸವೂ ಕೊಟ್ಟಿದ್ದಾರೆ. ಒಂದು ವಾರ ಪ್ರತಿ ಅರ್ಧ ಗಂಟೆಗೆ ಏನು ಮಾಡಿದಿರಿ ಎಂದು ಬರೆದು, ಫೋಟೊ ತೆಗೆದು ಗ್ರೂಪಿಗೆ ಹಾಕಬೇಕು. ಮೇಡಂ ರಾತ್ರಿ ಹತ್ತಕ್ಕೆ ಕೂತು ಬರೆಯುತ್ತಾರೆ. ನಿನ್ನೆ ಇಣುಕಿ ನೋಡಿದೆ. ಮಂಗಳವಾರ 11 ಗಂಟೆಗೆ ‘ಭಾಗಾಕಾರ’ ಎಂದಿತ್ತು, ಅದರ ಕೆಳಗೆ ‘ಗ್ಯಾಸ್ ಸಿಲಿಂಡರ್’, ಅದರ ಕೆಳಗೆ ‘ಫೋಟೊ ಅಪ್‌ಲೋಡ್’, ಮತ್ತೆ ‘ಫೋಟೊ ಅಪ್‌ಲೋಡ್’, ಮೂರು ಗಂಟೆಗೆ ಪುನಃ ‘ಭಾಗಾಕಾರ’. ಬುಧವಾರದ ಸಾಲು ಖಾಲಿ. ಪೆನ್ನು ಕೈಯಲ್ಲೇ ಇತ್ತು, ಮೇಡಂ ಗೋಡೆಗೆ ಒರಗಿ ನಿದ್ದೆ ಹೋಗಿದ್ದರು.