ಮೆಕ್‌ಲಾರೆನ್ ಎಫ್1 ಎಂಜಿನ್ ಚಿನ್ನದ್ದಲ್ಲ

'ಮೆಕ್‌ಲಾರೆನ್ ಎಫ್1 ಎಂಜಿನ್ ಅಪ್ಪಟ ಚಿನ್ನದ್ದು, ಅದಕ್ಕೇ ಅಷ್ಟು ಬೆಲೆ' ಎಂಬ ಫೋಟೊ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಮೆಕ್‌ಲಾರೆನ್ ಎಫ್1 ಅಂದರೆ 1990ರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರು.

ಎಂಜಿನ್ ಬಿಎಂಡಬ್ಲ್ಯು ಮಾಡಿಕೊಟ್ಟ 6.1 ಲೀಟರಿನ ವಿ12, ಅಂದರೆ ‘ವಿ’ ಆಕಾರದಲ್ಲಿ ಜೋಡಿಸಿದ 12 ಸಿಲಿಂಡರಿನದು. ಬ್ಲಾಕ್ (ಎಂಜಿನ್ನಿನ ಮುಖ್ಯ ಒಡಲು) ಅಲ್ಯೂಮಿನಿಯಂನದು. ಫೋಟೊದಲ್ಲಿ ಹೊಳೆಯುತ್ತಿರುವುದು ಎಂಜಿನ್ ಗೂಡಿನ ಒಳಗೋಡೆಗೆ ಅಂಟಿಸಿದ ತೆಳ್ಳನೆಯ ಚಿನ್ನದ ಹಾಳೆ. ಸುಮ್ನೆ ಶೋಕಿಗೆ ಹಾಕಿದ್ದಲ್ಲ. ಕಾರಿನ ಮೈ ಕಾರ್ಬನ್ ಫೈಬರ್‌ನದು, ಅದಕ್ಕೆ ಎಂಜಿನ್ ಕಾವು ತಟ್ಟಬಾರದು ಅಲ್ವಾ? ಚಿನ್ನ ಆ ಕಾವನ್ನು ವಾಪಸ್ ತಳ್ಳುತ್ತದೆ. ಕಾರು ವಿನ್ಯಾಸ ಮಾಡಿದ ಗಾರ್ಡನ್ ಮರ್ರೆ ಅವರೇ ಹೇಳಿರುವ ಕಾರಣ ಇದು.

ಬೆಲೆ ಏರಿದ್ದು ಕಾರು ಅಪರೂಪದ್ದು ಅನ್ನೋ ಕಾರಣಕ್ಕೆ. ತಯಾರಾಗಿದ್ದೇ ಒಟ್ಟು 106. ಕಾರಿನ ನಟ್ಟನಡುವೆ ಇರುವ ಚಾಲಕನ ಸೀಟನ್ನು ಕೊಂಡವರ ಮೈಅಳತೆಗೇ ಕೂರಿಸಿಕೊಡುತ್ತಿದ್ದರು. ಅಮೆರಿಕದ ಪೆಬಲ್ ಬೀಚ್‌ನಲ್ಲಿ 2021ರಲ್ಲಿ ನಡೆದ ಹರಾಜಿನಲ್ಲಿ ಒಂದು ಕಾರು 2 ಕೋಟಿ ಡಾಲರಿಗಿಂತ ಜಾಸ್ತಿಗೆ ಹೋಯಿತು.

ದಯವಿಟ್ಟು ಆ ಮೆಸೇಜನ್ನು ಇನ್ನು ಫಾರ್ವರ್ಡ್ ಮಾಡಬೇಡಿ.