ಹೆಲ್ಮೆಟ್ ಅಂಕಲ್ ಮತ್ತು ಎರಡು ಲೋಟ ಕಬ್ಬಿನ ಹಾಲು

ಸ್ಟೀಲ್ ಬಾಣಲೆ ಯುಟಿಲಿಟಿಯಲ್ಲಿ ನೆನೆಯುತ್ತಿದೆ. ಮೂರು ಸಲ ಬಿಸಿನೀರು ಬದಲಿಸಿದರೂ ತಳದ ಕಪ್ಪು ಅಲ್ಲಾಡಿಲ್ಲ. ಅದು ತವರಿನಿಂದ ಬಂದ ಬಾಣಲೆ ಅಂತ ಹೆಂಡತಿ ನಾಲ್ಕು ಸಲ ನೆನಪಿಸಿದ್ದಾಳೆ. ಅಂದರೆ ನೀರಿಗಿಂತ ಒಂದು ಸಲ ಜಾಸ್ತಿ.

ಇಷ್ಟಕ್ಕೂ ಕಾರಣ ಒಂದನೇ ಕ್ಲಾಸಿನ ಹೋಮ್‌ವರ್ಕು. 'ನಿಮ್ಮ ಅಡುಗೆಮನೆಯ ಒಂದು ಪದಾರ್ಥ ಎಲ್ಲಿಂದ ಬರುತ್ತದೆ? ಚಿತ್ರ ಬರೆಯಿರಿ.' ಭಾನುವಾರ ಅಪ್ಪಂದಿರು ಕಾಲು ಚಾಚಿ ಪೇಪರ್ ಓದಬಾರದು ಅಂತಲೇ ಯಾರೋ ಕೂತು ಇಂಥ ಪ್ರಶ್ನೆ ತಯಾರಿಸುತ್ತಾರೆ. ಮಗಳು ಸಕ್ಕರೆ ಆರಿಸಿಕೊಂಡು ಐದೇ ನಿಮಿಷದಲ್ಲಿ ಚಿತ್ರ ಮುಗಿಸಿದ್ದಳು: ಒಂದು ಬೈಕು, ಒಂದು ಚೀಲ, ಹೆಲ್ಮೆಟ್ ಹಾಕಿದ ಮನುಷ್ಯ.

"ಹೆಲ್ಮೆಟ್ ಅಂಕಲ್ ತರ್ತಾರೆ ಅಪ್ಪಾ. ಹತ್ತು ನಿಮಿಷಕ್ಕೆ ಬರತ್ತೆ."

ನಾನು ಮಂಡ್ಯದವನು. ಕಬ್ಬಿನ ಗಾಡಿಯ ಹಿಂದೆ ಓಡಿ ಜಲ್ಲೆ ಎಳೆದು, ಹಲ್ಲಲ್ಲೇ ಸಿಪ್ಪೆ ಸೀಳಿ ತಿಂದು ಬೆಳೆದವನು. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಹೀಗೆ ಹೇಳಿದರೆ ಹೇಗಿರಬೇಡ? ಪೇಪರ್ ಮಡಿಸಿಟ್ಟೆ. ಅಲ್ಲೇ ಎಡವಿದ್ದು.

"ಸಕ್ಕರೆ ಕಬ್ಬಿಂದ ಬರತ್ತೆ ಪುಟ್ಟಾ. ನೆಟ್ಟು ಕಡಿಯೋಕೆ ಒಂದು ವರ್ಷ ಬೇಕು."

"ಒಂದು ವರ್ಷಾನಾ? ಅಂಕಲ್ ಹತ್ತು ನಿಮಿಷ ಅಂದ್ರಲ್ಲ."

"ಕಬ್ಬಿನ ಹಾಲು ತೆಗೆದು ಕಾಯಿಸ್ತಾರೆ..."

ನಾಲ್ಕು ವರ್ಷದ ಮಗ ಕಿವಿ ನಿಮಿರಿಸಿದ. "ಕಬ್ಬು ಹಾಲು ಕೊಡತ್ತಾ? ಕರುಗೆ ಉಳಿಸ್ತಾರಾ?"

ನಮ್ಮ ಕಡೆ ಕಬ್ಬಿನ ರಸಕ್ಕೆ ಹಾಲು ಅಂತಲೇ ಹೇಳೋದು. ಇಷ್ಟು ವರ್ಷ ಅದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಹಾಲಲ್ಲ, ರಸ ಅಂತ ತಿದ್ದಿಕೊಂಡೆ. ರಸ ಗಟ್ಟಿಯಾಗಿ ಹರಳು ಕಟ್ಟಿದ ಮೇಲೆ, ತೂತಿರುವ ಡ್ರಮ್ಮಿಗೆ ಹಾಕಿ ವಾಷಿಂಗ್ ಮೆಷಿನ್ ಥರ ಗಿರಗಿರ ತಿರುಗಿಸ್ತಾರೆ, ಕಾಕಂಬಿ ಅನ್ನೋ ಕಪ್ಪು ಪಾಕ ಆಚೆ ಹೋಗಿ ಸಕ್ಕರೆ ಒಳಗೆ ಉಳಿಯತ್ತೆ ಅಂದೆ. ಇದು ಸತ್ಯ, ಆದರೆ ಹೇಳಬಾರದಿತ್ತು. ಮಗ ನೆಟ್ಟಗೆ ಯುಟಿಲಿಟಿಗೆ ಹೋಗಿ ನಮ್ಮ ಮೆಷಿನ್ನಿನೊಳಗೆ ಅರ್ಧ ದೇಹ ತೂರಿಸಿ ಸಕ್ಕರೆ ಹುಡುಕಿದ. ಹೆಂಡತಿ ಅವನನ್ನು ಎಳೆದು, ಚೈಲ್ಡ್ ಲಾಕ್ ಹಾಕಿ, ನನ್ನನ್ನೊಮ್ಮೆ ನೋಡಿ ಹೋದಳು.

ಸರಿ, ಬಲ್ಲವರನ್ನೇ ಕೇಳೋಣ ಅಂತ ಊರಿಗೆ ವಿಡಿಯೋ ಕಾಲ್ ಮಾಡಿದೆ. ಇದು ಎರಡನೇ ತಪ್ಪು. ನಮ್ಮಪ್ಪನಿಗೆ ಏನೇ ಕೇಳಿ, "ಮೊದ್ಲಿಂದ ಹೇಳ್ತೀನಿ" ಅಂತಾರೆ. ಅವರ 'ಮೊದಲು' ಅಂದರೆ ಕನ್ನಂಬಾಡಿ ಕಟ್ಟೆ. ಪಕ್ಕದ ಮನೆ ಮದುವೆ ಮುರಿದದ್ದನ್ನೂ ಅವರು ಕಟ್ಟೆಯಿಂದಲೇ ಶುರು ಮಾಡಿದ್ದಾರೆ.

"ಕೇಳವ್ವಾ. 1911ರಲ್ಲಿ ಕಟ್ಟೆ ಕೆಲ್ಸ ಶುರುವಾಯ್ತು..."

"ತಾತ, ಸಕ್ಕರೆ?"

"ಬತ್ತೀನಿ ತಡಿ. ನೀರು ಇಲ್ದೆ ಕಬ್ಬು ಎಲ್ಲಿ ಬತ್ತದೆ?" ನಾಲೆ ತೋಡಿದ್ದಾಯಿತು. ನೀರು ಹುಲಿಕೆರೆ ಸುರಂಗದೊಳಗೆ ಹೊಕ್ಕಿತು. ಸರಿಯಾಗಿ ಅಲ್ಲೇ ನೆಟ್‌ವರ್ಕ್ ಹೋಯಿತು. ಮಕ್ಕಳು ಬಾಯಿಬಿಟ್ಟುಕೊಂಡು ಕಾದರು. ನೀರು ಆಚೆ ಬರಲಿಲ್ಲ.

ಮಾತು ಸಾಕು, ಮಾಡಿಯೇ ತೋರಿಸ್ತೀನಿ ಅಂತ ಮೂಲೆಯ ಗಾಡಿಯಿಂದ ಎರಡು ಲೋಟ ಕಬ್ಬಿನ ಹಾಲು ಪಾರ್ಸಲ್ ತಂದೆ. ಐಸ್ ಬೇಡ ಅನ್ನುವಷ್ಟು ಬುದ್ಧಿ ಇತ್ತು. ಬಾಣಲೆಗೆ ಸುರಿದೆ. ಮಕ್ಕಳು ಸ್ಟೂಲ್ ಹಾಕಿಕೊಂಡು ನಿಂತರು. ನೊರೆ ಬಂತು, ತೆಗೆದೆ. ಮತ್ತೆ ಬಂತು. ಬಣ್ಣ ಮಳೆಗಾಲದ ನಾಲೆ ನೀರಿನಿಂದ ಜೇನಿಗೆ ತಿರುಗಿತು. "ಸಕ್ಕರೆ ಎಲ್ಲಿ?" ಇರು. "ಈಗ?" ಇರು. ಅರ್ಧ ಲೀಟರ್ ಹೋಗಿ ಬಾಣಲೆಯ ನಡುವೆ ಅಂಗೈ ಅಗಲದ ಪಾಕ ಉಳಿದಾಗ, ಎಷ್ಟೋ ವರ್ಷದ ಮೇಲೆ ಆ ವಾಸನೆ ಬಂತು.

ನಮ್ಮ ಹೊಲದ ಮಗ್ಗುಲಲ್ಲೇ ಆಲೆಮನೆ ಇತ್ತು. ಕಬ್ಬಿನ ಸಿಪ್ಪೆಯ ಉರಿ, ಕೊಪ್ಪರಿಗೆಯ ಹಬೆ, ಬೆಳಗಿನ ಚಳಿ. ಜಲ್ಲೆಯ ತುದಿಯನ್ನು ಪಾಕಕ್ಕೆ ಅದ್ದಿ ಕೊಡುತ್ತಿದ್ದರು. ಆರುವವರೆಗೆ ಕಾದವರು ಯಾರೂ ಇಲ್ಲ, ಎಲ್ಲರ ನಾಲಿಗೆಯೂ ಸುಟ್ಟದ್ದೇ. ಈಗ ಅಲ್ಲಿ ತೆಂಗಿನ ಸಸಿಗಳಿವೆ. ಅಪ್ಪನ ಮೂರು ಎಕರೆ ಕಬ್ಬು ಲಾರಿ ಹತ್ತಿ ಹೋಗುತ್ತದೆ. ಅವರು ಕುಡಿಯೋದು ಸಕ್ಕರೆ ಹಾಕದ ಕಾಫಿ, ಡಾಕ್ಟರ ಅಪ್ಪಣೆ.

ಫೋನ್ ರಿಂಗಾಯಿತು. ಅಪ್ಪ. "ಎಲ್ಲಿದ್ದೆ? ಹಾಂ, ನೀರು ಸುರಂಗದಿಂದ ಆಚಿಗೆ ಬಂತು." ನೀರು ಮಂಡ್ಯ ಮುಟ್ಟಿ, ಮೈಸೂರಿನ ಕೃಷಿ ಇಲಾಖೆ ನೋಡಿಕೊಳ್ಳುತ್ತಿದ್ದ ಕೆನಡಾದ ಕೋಲ್ಮನ್ ಸಾಹೇಬರು ಬಂದು, 1933ರಲ್ಲಿ ಸಕ್ಕರೆ ಫ್ಯಾಕ್ಟರಿ ಎದ್ದು ನಿಲ್ಲುವ ಹೊತ್ತಿಗೆ ಅಡುಗೆಮನೆ ತುಂಬ ಹೊಗೆ.

"ಸುಟ್ಟೋಯ್ತು ಅಪ್ಪಾ. ಹರಳೂ ಕಟ್ಟಿರಲಿಲ್ಲ."

"ಗಾಡಿದಾ? ನಿಂಬೆಹಣ್ಣು ಸೇರಿಸಿ ಅರೆದಿದ್ನಾ?"

ಸೇರಿಸಿದ್ದ. ಶುಂಠಿಯನ್ನೂ.

"ಥೂ ನಿನ್ನ. ಹುಳಿ ಬಿದ್ದ ಹಾಲು ಎಲ್ಲಾದ್ರೂ ಹರಳು ಕಟ್ತದೇನ್ಲಾ? ಅದಕ್ಕೆ ಸುಣ್ಣ ಹಾಕ್ಬೇಕು, ಸುಣ್ಣ! ಒಂದು ಟನ್ ಅರೆದ್ರೆ ಸುಮಾರು 100 ಕೆಜಿ ಸಕ್ಕರೆ, ನೀನು ಎರಡು ಲೋಟದಲ್ಲಿ ಹೊಂಟಿದ್ದೀಯ."

"ಸುಣ್ಣದ ಜೊತೆ ಎಲೆ ಅಡಿಕೆನೂ ತರ್ಲಾ?" ಅಂತ ಒಳಗಿನಿಂದ ಹೆಂಡತಿ.

ಮಗಳು ಚಿತ್ರ ತಿದ್ದಿದ್ದಾಳೆ. ಹೆಲ್ಮೆಟ್ ಅಂಕಲ್ ಹಾಗೇ ಇದ್ದಾರೆ, ಬೈಕು ಮಾತ್ರ ಈಗ ಒಂದು ಸುರಂಗದಿಂದ ಹೊರಗೆ ಬರುತ್ತಿದೆ. ಮಗ ಬಾಣಲೆಯಿಂದ ಕೆರೆದ ಒಂದು ಕರಿ ಚೂರನ್ನು ನೆಲದ ಮೇಲಿಟ್ಟು ಕುಕ್ಕರಗಾಲಲ್ಲಿ ಕೂತಿದ್ದಾನೆ. ಸಕ್ಕರೆ ಆಗಿದ್ದರೆ ಇರುವೆ ಬರುತ್ತದಂತೆ. ಇಪ್ಪತ್ತು ನಿಮಿಷ ಆಯಿತು. ನಾನು ಬಾಣಲೆ ಉಜ್ಜುತ್ತಾ ಆಗಿಂದ ಎರಡು ಸಲ ಕೇಳಿದ್ದೇನೆ, "ಬಂತೇನೋ?"